ಅಗಲಿಕೆಯ ನಂತರದ ಬಾಳು: ನಡುವಯಸ್ಸಿನ ತಾಯಂದಿರ ಆರೋಗ್ಯ

ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದಾಗ ಮೊದಲ ಹತ್ತು-ಹನ್ನೊಂದು ದಿನ ಮನೆ ತುಂಬಿರುತ್ತದೆ. ಬೀಗರು, ಓಣಿಯವರು, ದೂರದೂರಿನ ನೆಂಟರು ಬರುತ್ತಾರೆ. ಒಲೆ ಹೊತ್ತಿಸಲು, ಬಂದವರಿಗೆ ನೀರು ಕೊಡಲು, ಅಳುವವರ ಬೆನ್ನು ಸವರಲು ಕೈಗಳಿಗೆ ಕೊರತೆಯಿರುವುದಿಲ್ಲ. ಶಿವಗಣಾರಾಧನೆ ಮುಗಿದ ಮರುದಿನದಿಂದ ಒಬ್ಬೊಬ್ಬರೇ ಚೀಲ ಹೆಗಲಿಗೇರಿಸುತ್ತಾರೆ. ತಿಂಗಳು ತುಂಬುವ ಹೊತ್ತಿಗೆ ಮಕ್ಕಳೂ ತಮ್ಮ ನೌಕರಿಯ ಊರುಗಳಿಗೆ ಮರಳಿರುತ್ತಾರೆ. ಆ ಮನೆಯಲ್ಲಿ ಉಳಿಯುವವರು ಬಹುಪಾಲು 45ರಿಂದ 60ರೊಳಗಿನ ಒಬ್ಬ ತಾಯಿ. ಆಮೇಲಿನ ತಿಂಗಳುಗಳಲ್ಲಿ ಅವರ ದೇಹಕ್ಕೂ ಮನಸ್ಸಿಗೂ ಏನಾಗುತ್ತದೆ, ಅಗಲಿಕೆಯ ಬಳಿಕವೂ ಒಬ್ಬ ಹೆಣ್ಣುಮಗಳು ಬೆಳೆಯುವುದು ಸಾಧ್ಯವೇ, ಸಾಧ್ಯವಾದರೆ ಆ ಬೆಳವಣಿಗೆಯ ಸ್ವರೂಪವೇನು ಎಂಬುದನ್ನು ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ವಿಚಾರಿಸೋಣ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಯರ ಸಂಖ್ಯೆ 4 ಕೋಟಿಗೂ ಹೆಚ್ಚು. ಪತ್ನಿಯನ್ನು ಕಳೆದುಕೊಂಡು ಹಾಗೆಯೇ ಉಳಿದ ಪುರುಷರ ಸಂಖ್ಯೆ ಅದರ ಮೂರನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಇದಕ್ಕೆ ಕಾರಣಗಳು ಎಲ್ಲರಿಗೂ ತಿಳಿದಿರುವಂಥವೇ: ಗಂಡ ವಯಸ್ಸಿನಲ್ಲಿ ಹಿರಿಯ, ಹೆಣ್ಣಿನ ಆಯುಷ್ಯ ತುಸು ಹೆಚ್ಚು, ಮರುಮದುವೆಯ ದಾರಿ ಗಂಡಸಿಗೆ ಸುಲಭ. ಆದರೆ ನಡುವಯಸ್ಸಿನಲ್ಲಿ ಎದುರಾಗುವ ಅಗಲಿಕೆ ಪತಿಯದೊಂದೇ ಅಲ್ಲ. ತಂದೆ, ತಾಯಿ, ಒಡಹುಟ್ಟಿದವರು ಕಣ್ಮರೆಯಾಗುವ ಕಾಲವೂ ಇದೇ. ಮಕ್ಕಳ ಓದು ಮುಗಿದಿರುವುದಿಲ್ಲ, ಮದುವೆ ಬಾಕಿಯಿರುತ್ತದೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಹೆಗಲ ಮೇಲಿರುತ್ತದೆ. ಮುಪ್ಪಿನಲ್ಲಿ ಬರುವ ಅಗಲಿಕೆಗೆ ಸುತ್ತಲಿನವರು ಒಳಗೊಳಗೇ ಸಿದ್ಧರಾಗಿರುತ್ತಾರೆ. ನಡುವಯಸ್ಸಿನ ಅಗಲಿಕೆಗೆ ಯಾರೂ ಸಿದ್ಧರಿರುವುದಿಲ್ಲ.

ದೇಹ ಹೇಳುವ ಮಾತು

ದುಃಖವನ್ನು ನಾವು ಮನಸ್ಸಿನ ಸಂಗತಿಯೆಂದು ತಿಳಿದಿದ್ದೇವೆ. ವೈದ್ಯಳಾಗಿ ನಾನು ಕಂಡಂತೆ ಅದು ಮೊದಲು ಇಳಿಯುವುದು ದೇಹಕ್ಕೆ. ನಿದ್ರೆ ಕೆಡುತ್ತದೆ, ಮಲಗಿದ ಕೂಡಲೇ ನಿದ್ದೆ ಹತ್ತಿದರೂ ನಸುಕಿನ ಮೂರು ಗಂಟೆಗೆ ಕಣ್ಣು ತೆರೆದು ಮತ್ತೆ ಮುಚ್ಚುವುದಿಲ್ಲ. ಹಸಿವು ಅಡಗುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕೈಕಾಲು ಸೋಲುತ್ತವೆ, ಹೇಳಿದ ಮಾತು ನೆನಪಿನಲ್ಲಿ ನಿಲ್ಲುವುದಿಲ್ಲ. ತೀವ್ರ ಒತ್ತಡದಲ್ಲಿ ಕಾರ್ಟಿಸಾಲ್ ಎಂಬ ರಸದೂತದ ಮಟ್ಟ ಏರುವುದರಿಂದ ರಕ್ತದೊತ್ತಡವೂ ಸಕ್ಕರೆಯೂ ಹತೋಟಿ ತಪ್ಪಬಹುದು.

ನಡುವಯಸ್ಸಿನಲ್ಲಿ ಇದರೊಡನೆ ಇನ್ನೊಂದು ಸಂಗತಿ ಬೆರೆಯುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 45ರಿಂದ 50ರ ಆಸುಪಾಸಿನಲ್ಲಿ. ಆಗ ಈಸ್ಟ್ರೋಜೆನ್ ಇಳಿಯುತ್ತದೆ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಎದೆಬಡಿತ, ಸಿಡುಕು, ಮರೆವು ಕಾಣಿಸಿಕೊಳ್ಳುತ್ತವೆ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ದುಃಖದ ಲಕ್ಷಣ ಯಾವುದು, ಋತುಬಂಧದ ಲಕ್ಷಣ ಯಾವುದು ಎಂದು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ ಇವೂ ಇದೇ ವೇಷದಲ್ಲಿ ಬರುತ್ತವೆ. ಸುತ್ತಲಿನವರು ಎಲ್ಲಕ್ಕೂ ಒಂದೇ ಹೆಸರು ಕೊಟ್ಟುಬಿಡುತ್ತಾರೆ: ‘ಪಾಪ, ಚಿಂತೆ ಹತ್ತಿದೆ.’

ಈ ತಪ್ಪನ್ನು ನಾನೇ ಮಾಡಿದ್ದೇನೆ. ನನ್ನ ಅಣ್ಣ 54ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವೈನಿಗೆ 49. ನಾಲ್ಕನೆಯ ತಿಂಗಳಲ್ಲಿ ಊರಿಗೆ ಹೋದಾಗ ಅವರು ‘ಮೆಟ್ಟಿಲು ಹತ್ತಿದರೆ ಎದೆ ಹಾರುತ್ತದೆ’ ಎಂದರು. ನಾಡಿ ಹಿಡಿದು ನೋಡಿ, ‘ಗಟ್ಟಿಯಾಗಿರಿ ವೈನಿ, ಎಲ್ಲ ಸರಿಹೋಗುತ್ತದೆ’ ಎಂದು ನಿದ್ದೆಯ ಗುಳಿಗೆ ಬರೆದುಕೊಟ್ಟು ಬಂದೆ. ಎರಡು ತಿಂಗಳ ಬಳಿಕ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳರ ಕೆಳಗಿತ್ತು. ಹೆಂಗಸರಿಗೆ ಅದು 12 ಇರಬೇಕು. ಮುಟ್ಟು ನಿಲ್ಲುವ ಕಾಲದ ಅತಿಸ್ರಾವ ಒಂದು ಕಡೆ. ಮಧ್ಯಾಹ್ನಕ್ಕೆ ಒಂದು ರೊಟ್ಟಿ, ರಾತ್ರಿ ಬರೀ ಮಜ್ಜಿಗೆ ಎಂಬ ಊಟ ಇನ್ನೊಂದು ಕಡೆ. ಅಣ್ಣ ಹೋದ ದಿನದಿಂದ ಬಿ.ಪಿ. ಗುಳಿಗೆಯನ್ನೂ ಅವರು ಮುಟ್ಟಿರಲಿಲ್ಲ. ಪ್ರತಿದಿನ ಊಟವಾದ ಮೇಲೆ ‘ಗುಳಿಗೆ ತಗೊಂಡ್ಯಾ?’ ಎಂದು ಕೇಳುತ್ತಿದ್ದವರು ಅಣ್ಣ. ಕೇಳುವವರು ಹೋದರು, ಗುಳಿಗೆಯೂ ನಿಂತಿತು. ಮನೆಮಂದಿಯೇ ವೈದ್ಯರಾದಾಗ ಕಣ್ಣು ಹೇಗೆ ಮಂಜಾಗುತ್ತದೆ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಆದ್ದರಿಂದ ಭಕ್ತರಲ್ಲಿ ನನ್ನ ಮೊದಲ ವಿನಂತಿ ಬಹಳ ಸರಳವಾದದ್ದು. ಅಗಲಿಕೆಯಾದ ಎರಡು-ಮೂರು ತಿಂಗಳೊಳಗೆ ಆ ತಾಯಿಯನ್ನು ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿರಿ. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಔಷಧಿ ನಿಂತಿದೆಯೇ ಎಂದು ಕೇಳಿರಿ. ಎದೆನೋವನ್ನಂತೂ ‘ಸಂಕಟದ ನೋವು’ ಎಂದು ಎಂದಿಗೂ ತಳ್ಳಿಹಾಕಬಾರದು. ಜಪಾನಿನ ವೈದ್ಯರು 1990ರಲ್ಲಿ ಮೊದಲಿಗೆ ವರ್ಣಿಸಿದ ‘ಟಾಕೊತ್ಸುಬೊ’ ಎಂಬ ಹೃದಯದ ಕಾಯಿಲೆಯೊಂದಿದೆ. ತೀವ್ರ ಆಘಾತದ ಬೆನ್ನಿಗೇ ಹೃದಯದ ಎಡ ಕೋಣೆ ಉಬ್ಬಿಕೊಂಡು ದುರ್ಬಲವಾಗುತ್ತದೆ. ಆಕಾರದಲ್ಲಿ ಅದು ಜಪಾನಿನಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯನ್ನು ಹೋಲುವುದರಿಂದ ಈ ಹೆಸರು. ಇದಕ್ಕೆ ತುತ್ತಾಗುವವರಲ್ಲಿ ಬಹುತೇಕರು ಮುಟ್ಟು ನಿಂತ ಮಹಿಳೆಯರು. ಲಕ್ಷಣಗಳು ಹೃದಯಾಘಾತದವೇ, ಇ.ಸಿ.ಜಿ. ಮತ್ತಿತರ ಪರೀಕ್ಷೆಗಳಿಲ್ಲದೆ ಎರಡನ್ನೂ ಬೇರ್ಪಡಿಸಲಾಗದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಅಲೆಯಂತೆ ಬರುವ ದುಃಖ

ಸ್ವಿಟ್ಜರ್ಲೆಂಡ್ ಮೂಲದ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಪ್ರಕಟಿಸಿದ ಗ್ರಂಥದಿಂದ ದುಃಖದ ‘ಐದು ಹಂತ’ಗಳ ಮಾತು ಲೋಕಪ್ರಸಿದ್ಧವಾಯಿತು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಆ ಹಂತಗಳನ್ನು ಅವರು ಗುರುತಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಮಾತನಾಡಿ. ಅವರನ್ನು ಕಳೆದುಕೊಂಡ ಮನೆಯವರೊಡನೆ ಮಾತನಾಡಿ ಅಲ್ಲ. ದುಃಖವು ಮೆಟ್ಟಿಲೇರಿದಂತೆ ಒಂದೊಂದೇ ಹಂತ ದಾಟಿ ಮುಗಿಯುತ್ತದೆಂದು ನಿರೀಕ್ಷಿಸಿದರೆ, ಎಂಟನೆಯ ತಿಂಗಳಲ್ಲಿ ಪತಿಯ ಪಂಚೆ ಕೈಗೆ ಸಿಕ್ಕಾಗ ಬಿಕ್ಕಿ ಅಳುವ ತಾಯಿಗೆ ‘ನಾನು ಹಿಂದಕ್ಕೆ ಜಾರಿದೆ’ ಎಂಬ ಭಾವ ಬರುತ್ತದೆ. ಅವರು ಹಿಂದಕ್ಕೆ ಜಾರಿರುವುದಿಲ್ಲ.

ನೆದರ್ಲೆಂಡ್ಸಿನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ನಮ್ಮ ಮನೆಗಳಲ್ಲಿ ಕಾಣುವುದಕ್ಕೆ ಹೆಚ್ಚು ಹತ್ತಿರವಾಗಿದೆ. ಅಗಲಿಕೆಗೊಳಗಾದವರು ಎರಡು ಬದಿಗಳ ನಡುವೆ ಹೋಗಿಬರುತ್ತಿರುತ್ತಾರೆ. ಒಂದು ಬದಿಯಲ್ಲಿ ಕಳೆದುಕೊಂಡದ್ದರ ನೆನಪು, ಅಳು, ಹಂಬಲ. ಇನ್ನೊಂದು ಬದಿಯಲ್ಲಿ ಬದುಕನ್ನು ಮತ್ತೆ ಕಟ್ಟುವ ಕೆಲಸಗಳು: ಬ್ಯಾಂಕು, ಬಿತ್ತನೆ, ಮಗಳ ಶುಲ್ಕ, ಹಬ್ಬದ ಅಡಿಗೆ. ಬೆಳಿಗ್ಗೆ ಸಮಾಧಿಯ ಬಳಿ ಕಣ್ಣೀರಿಟ್ಟವರು ಮಧ್ಯಾಹ್ನ ಹಾಲಿನ ಲೆಕ್ಕ ಬರೆಯುತ್ತಾ ನಕ್ಕರೆ ಅದು ಅಶ್ರದ್ಧೆಯಲ್ಲ. ಹಾಗೆ ಹೋಗಿಬರುವುದೇ ಆರೋಗ್ಯದ ಲಕ್ಷಣ. ಸದಾ ಒಂದೇ ಬದಿಯಲ್ಲಿ ಸಿಲುಕಿಕೊಂಡವರಿಗೆ, ಬಿಡುವಿಲ್ಲದೆ ಅಳುವವರಿಗಾಗಲಿ, ಕಣ್ಣೀರೇ ಬಾರದಂತೆ ಹಗಲಿರುಳು ಕೆಲಸಕ್ಕೆ ಬಿದ್ದವರಿಗಾಗಲಿ, ಹೆಚ್ಚಿನ ನೆರವು ಬೇಕಾದೀತು.

ಒಂದೇ ಮನೆಯಲ್ಲಿ ಎರಡು ದುಃಖಗಳಿದ್ದಾಗ ಇದು ಇನ್ನಷ್ಟು ತೊಡಕಾಗುತ್ತದೆ. ನಮ್ಮ ಮನೆಯಲ್ಲಿ ಅವ್ವನೂ ಇದ್ದಳು, 78ರ ವಯಸ್ಸು. ಅವಳು ಕಳೆದುಕೊಂಡದ್ದು ಮಗನನ್ನು, ವೈನಿ ಕಳೆದುಕೊಂಡದ್ದು ಪತಿಯನ್ನು. ಸೊಸೆ ನೊಂದುಕೊಂಡಾಳೆಂದು ಅವ್ವ ಹಿತ್ತಲಲ್ಲಿ ಅಳುತ್ತಿದ್ದಳು. ಅತ್ತೆ ನೊಂದುಕೊಂಡಾರೆಂದು ವೈನಿ ಅಡಿಗೆಮನೆಯಲ್ಲಿ ಅಳುತ್ತಿದ್ದರು. ಆರು ತಿಂಗಳು ಇಬ್ಬರೂ ಒಬ್ಬರೆದುರು ಒಬ್ಬರು ಅಣ್ಣನ ಹೆಸರೆತ್ತಲಿಲ್ಲ. ಇದು ತಿಳಿದದ್ದು ಬಹಳ ತಡವಾಗಿ, ಅವ್ವನ ಬಾಯಿಂದಲೇ. ಸತ್ತವರ ಹೆಸರನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವುದು ಗಾಯವನ್ನು ಕೆದಕಿದಂತೆ ಎಂದು ಅನೇಕರು ಭಾವಿಸುತ್ತಾರೆ. ಅಗಲಿದವರೊಡನೆ ಒಳಗಿನ ನಂಟು ಮುಂದುವರಿಯುವುದು ಸಹಜವೆಂದು, ಅದನ್ನು ಕಡಿದುಕೊಳ್ಳಬೇಕಿಲ್ಲವೆಂದು 1990ರ ದಶಕದಿಂದೀಚೆಗೆ ಮನೋವಿಜ್ಞಾನ ಒಪ್ಪಿಕೊಂಡಿದೆ. ನಮಗೆ ಇದು ಹೊಸ ಮಾತೇನಲ್ಲ. ನೀಲಾಂಬಿಕೆಯವರ ವಚನಗಳಲ್ಲಿ ಬಸವಣ್ಣನವರ ಅಗಲಿಕೆ ಮತ್ತೆ ಮತ್ತೆ ಬರುತ್ತದೆ. ಅದನ್ನು ಯಾರೂ ದೌರ್ಬಲ್ಯವೆಂದು ಎಣಿಸಿಲ್ಲ.

ಬೆಳವಣಿಗೆ ಎಂದರೆ ಏನು

ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೂನ್ ಎಂಬವರು ಆಘಾತದ ಬಳಿಕ ಕೆಲವರಲ್ಲಿ ಕಾಣುವ ಆಂತರಿಕ ಬೆಳವಣಿಗೆಯನ್ನು ಬಹುಕಾಲ ಅಧ್ಯಯನ ಮಾಡಿ, ಅದನ್ನು ಅಳೆಯಲು 21 ವಾಕ್ಯಗಳ ಒಂದು ಪಟ್ಟಿಯನ್ನು 1996ರಲ್ಲಿ ಪ್ರಕಟಿಸಿದರು. ಬದುಕಿನ ಬೆಲೆ ಹೊಸದಾಗಿ ತಿಳಿಯುವುದು, ಇತರರೊಡನೆ ಸಂಬಂಧ ಆಳವಾಗುವುದು, ತನ್ನ ಶಕ್ತಿಯ ಅರಿವಾಗುವುದು, ಹೊಸ ದಾರಿಗಳು ಕಾಣುವುದು, ಆಧ್ಯಾತ್ಮಿಕ ತಿಳಿವಳಿಕೆ ಬದಲಾಗುವುದು ಎಂದು ಐದು ನೆಲೆಗಳಲ್ಲಿ ಇದು ತೋರುತ್ತದೆಂದು ಅವರ ಅಭಿಪ್ರಾಯ. ಅವರ ಮಾತಿನಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಬೆಳೆಸುವುದು ಸಾವು ಅಲ್ಲ. ಕುಸಿದುಬಿದ್ದ ಬದುಕನ್ನು ಅರ್ಥಮಾಡಿಕೊಳ್ಳಲು ಮನುಷ್ಯ ನಡೆಸುವ ಸೆಣಸಾಟ ಬೆಳೆಸುತ್ತದೆ. ಹೀಗಾಗಿ ‘ಆದದ್ದೆಲ್ಲ ಒಳ್ಳೆಯದಕ್ಕೆ’ ಎಂದು ಸಂತೈಸಲು ಬಂದವರು ಹೇಳುವ ಮಾತಿಗೂ ಈ ವಿಚಾರಕ್ಕೂ ಸಂಬಂಧವಿಲ್ಲ. ಯಾರ ಸಾವೂ ಇನ್ನೊಬ್ಬರ ಬೆಳವಣಿಗೆಗಾಗಿ ಆಗುವುದಿಲ್ಲ.

ಈ ಅಧ್ಯಯನಗಳ ಬಗ್ಗೆ ಇತರ ಸಂಶೋಧಕರಿಗೆ ಸಂದೇಹಗಳೂ ಇವೆ. ‘ನಾನು ಬೆಳೆದಿದ್ದೇನೆ’ ಎಂದು ಹೇಳುವವರೆಲ್ಲ ನಿಜವಾಗಿ ಬದಲಾಗಿರುತ್ತಾರೆಯೇ, ಅಥವಾ ನೋವನ್ನು ತಾಳಿಕೊಳ್ಳಲು ಹಾಗೆ ಹೇಳಿಕೊಳ್ಳುತ್ತಾರೆಯೇ ಎಂಬುದು ಇನ್ನೂ ಚರ್ಚೆಯ ವಿಷಯ. ಬೆಳೆಯದವರು ಸೋತವರು ಎಂಬ ತೀರ್ಮಾನಕ್ಕೂ ಆಧಾರವಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಬೆಳವಣಿಗೆ’ ಎಂಬುದು ನಮ್ಮ ಹೆಣ್ಣುಮಕ್ಕಳ ತಲೆಯ ಮೇಲೆ ಹೇರುವ ಇನ್ನೊಂದು ಕರ್ತವ್ಯವಾಗಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ನ್ಯೂಜಿಲೆಂಡಿನ ಆಪ್ತಸಮಾಲೋಚಕಿ ಲೋಯಿಸ್ ಟಾಂಕಿನ್ 1996ರಲ್ಲಿ ಬರೆದ ಪುಟ್ಟ ಲೇಖನವೊಂದರ ಚಿತ್ರ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬರಿಂದ ಕೇಳಿದ್ದನ್ನು ಆಧರಿಸಿದ ಚಿತ್ರವದು. ಕಾಗದದ ಮೇಲೆ ಒಂದು ವೃತ್ತ; ಅದೇ ಬದುಕು. ಅದರ ಒಳಗನ್ನೆಲ್ಲ ದುಃಖ ತುಂಬಿಕೊಂಡಿದೆ. ಕಾಲ ಸರಿದಂತೆ ದುಃಖ ಕಿರಿದಾಗುತ್ತ ಬರುವುದೆಂದು ನಾವು ನಿರೀಕ್ಷಿಸುತ್ತೇವೆ. ಆ ತಾಯಿಯ ಅನುಭವ ಹಾಗಿರಲಿಲ್ಲ. ದುಃಖ ಇದ್ದಷ್ಟೇ ಇತ್ತು. ಅದರ ಸುತ್ತಲಿನ ವೃತ್ತ ದೊಡ್ಡದಾಗುತ್ತ ಹೋಯಿತು. ಕೆಲವು ದಿನ ಅವರು ಆ ಹೊರಗಿನ ಅಗಲದಲ್ಲಿ ಬದುಕುತ್ತಿದ್ದರು, ಕೆಲವು ದಿನ ಮತ್ತೆ ಒಳಗಿನ ದುಃಖದಲ್ಲಿ.

ವೈನಿಯವರ ವೃತ್ತ ದೊಡ್ಡದಾದದ್ದನ್ನು ನಾನು ಕಂಡಿದ್ದೇನೆ. ಆದರೆ ಅದು ಶುರುವಾದದ್ದು ಯಾವ ಧ್ಯಾನದಿಂದಲೂ ಅಲ್ಲ, ಪಹಣಿಯಿಂದ. ಅಣ್ಣನ ಹೆಸರಿನಲ್ಲಿ ಆರು ಎಕರೆ ಎರೆಭೂಮಿಯಿತ್ತು. ಪುಣೆಯಲ್ಲಿದ್ದ ಮಗ, ‘ಅವ್ವಾ, ಹೊಲ ಲಾವಣಿಗೆ ಕೊಟ್ಟು ನನ್ನ ಜೊತೆ ಬಾ’ ಎಂದ. ಪ್ರೀತಿಯಿಂದಲೇ ಹೇಳಿದ. ವೈನಿ ಹೋದರು, ಇಪ್ಪತ್ತು ದಿನವಿದ್ದು ಮರಳಿದರು. ಪೌತಿ ಖಾತೆಗೆ ಅರ್ಜಿ ಕೊಡಬೇಕಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ನಾಡಕಚೇರಿಗೆ ಮೊದಲ ಸಲ ತಾವೇ ಹೋದರು. ಒಂದು ಕಾಗದ ಕಡಿಮೆಯೆಂದು ತಿರುಗಿ ಕಳಿಸಿದರು. ಮತ್ತೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಬ್ಯಾಂಕಿನ ಹೊಸ್ತಿಲು ಮೆಟ್ಟದಿದ್ದವರು ಹಣ ತೆಗೆಯುವ ಚೀಟಿ ತುಂಬುವುದನ್ನು ಕಲಿತರು. ಆ ವರ್ಷದ ಹಿಂಗಾರಿಗೆ ಕಡಲೆ ಹಾಕುವುದೋ ಜೋಳ ಹಾಕುವುದೋ ಎಂಬುದನ್ನು ಮೈದುನರನ್ನು ಕೇಳಿ, ಕೊನೆಗೆ ತಾವೇ ನಿರ್ಧರಿಸಿದರು. ಬೀಜದ ಅಂಗಡಿಯವನು ಮೊದಲಿಗೆ ‘ಗಂಡಸರನ್ನು ಕಳಿಸ್ರಿ ಅಕ್ಕಾರ’ ಎಂದನಂತೆ.

ಎರಡನೆಯ ವರ್ಷ ನಾನು ಅವರನ್ನು ಮೆಚ್ಚಿ ಏನೋ ಹೇಳಿದಾಗ ಅವರು ಕೊಟ್ಟ ಉತ್ತರ ಇಂದಿಗೂ ನೆನಪಿದೆ: ‘ಬ್ಯಾಂಕಿನ್ಯಾಗ ಸಹಿ ಮಾಡೂ ಮುಂದ ಮೊದಲ ಕೈ ನಡಗತಿತ್ತು. ಈಗ ನಡಗೂದಿಲ್ಲ. ಆದ್ರ ಮನಿಗೆ ಬಂದು ಇದನ್ನ ಯಾರಿಗೆ ಹೇಳ್ಲಿ ಅನಸ್ತದ.’ ಆ ಐದು ನೆಲೆಗಳನ್ನು ಓದಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಕೈ ನಡುಗದಿರುವುದೂ ನಿಜ, ಹೇಳಲು ಯಾರೂ ಇಲ್ಲದಿರುವುದೂ ನಿಜ.

ಚೆನ್ನಮ್ಮನವರ ಉದಾಹರಣೆ

ಪತಿಯನ್ನು ಕಳೆದುಕೊಂಡ ತಾಯಂದಿರಿಗೆ ಧೈರ್ಯ ಹೇಳುವಾಗ ನಮ್ಮವರು ಕಿತ್ತೂರು ರಾಣಿ ಚೆನ್ನಮ್ಮನವರ ಹೆಸರನ್ನು ಎತ್ತುವುದುಂಟು. ಮಲ್ಲಸರ್ಜ ದೇಸಾಯಿಯವರು 1816ರಲ್ಲಿ ತೀರಿಕೊಂಡರು. 1824ರಲ್ಲಿ ಮಲಮಗ ಶಿವಲಿಂಗರುದ್ರಸರ್ಜರೂ ಹೋದರು. ಅದೇ ಅಕ್ಟೋಬರಿನಲ್ಲಿ, ನಲವತ್ತರ ಉತ್ತರಾರ್ಧದಲ್ಲಿದ್ದ ರಾಣಿ ಕಂಪನಿಯ ಸೈನ್ಯವನ್ನು ಎದುರಿಸಿ ಗೆದ್ದರು. ಹೆಮ್ಮೆಯ ಚರಿತ್ರೆ, ಸಂದೇಹವಿಲ್ಲ. ಆದರೆ ದುಃಖದಲ್ಲಿರುವವರ ಎದುರು ಈ ಕಥೆ ಹೇಳುವಾಗ ನಾವು ಒಂದನ್ನು ಮರೆಯುತ್ತೇವೆ. ಚೆನ್ನಮ್ಮನವರಿಗೆ ಸಂಸ್ಥಾನವಿತ್ತು, ಕೋಟೆಯಿತ್ತು, ಅವರ ಮಾತನ್ನು ಆಜ್ಞೆಯೆಂದು ಪಾಲಿಸುವ ಜನರಿದ್ದರು. ಪತಿ ಹೋದ ಮೇಲೂ ಅವರ ಸ್ಥಾನ ಹೋಗಲಿಲ್ಲ. ನಮ್ಮ ಓಣಿಯ ತಾಯಿಗೆ ಪತಿ ಹೋದ ದಿನವೇ ಮನೆಯೊಳಗಿನ ಸ್ಥಾನವೂ ಹೋಗಿರುತ್ತದೆ. ಸ್ಥಾನವನ್ನು ಕಸಿದುಕೊಂಡು ಶೌರ್ಯವನ್ನು ಮಾತ್ರ ನಿರೀಕ್ಷಿಸುವುದು ನ್ಯಾಯವೇ?

ನಮ್ಮ ಸಂಪ್ರದಾಯದ ಮನೆಗಳಲ್ಲಿಯೇ ಇದು ನಡೆಯುತ್ತಿರುವುದು ನೋವಿನ ಸಂಗತಿ. ಮರಣಸೂತಕವನ್ನೇ ಒಪ್ಪದ ಶರಣರ ಹೆಸರು ಹೇಳುವ ನಾವು, ಪತಿ ತೀರಿಕೊಂಡವರನ್ನು ಉಡಿ ತುಂಬುವ ಕಾರ್ಯದಲ್ಲಿ ಹಿಂದೆ ನಿಲ್ಲಿಸುತ್ತೇವೆ. ಬಳೆ ತೆಗೆಸುತ್ತೇವೆ. ಮದುವೆಯ ಮನೆಗೆ ಕರೆದರೂ ಅಕ್ಕಿಕಾಳಿನ ಹೊತ್ತಿಗೆ ಅಡಿಗೆಮನೆಗೆ ಕಳಿಸುತ್ತೇವೆ. ಇಷ್ಟಲಿಂಗ ಧಾರಣೆಗೆ ಮುತ್ತೈದೆತನದ ಷರತ್ತಿಲ್ಲ, ವಿಭೂತಿಗೂ ಇಲ್ಲ. ಇಷ್ಟನ್ನು ಆರೋಗ್ಯ ವಿಭಾಗದಲ್ಲಿ ಏಕೆ ಬರೆಯಬೇಕೆಂದರೆ, ಜನರಿಂದ ದೂರವಾದ ಒಂಟಿತನವು ನಿದ್ರೆಯನ್ನೂ ಹೃದಯವನ್ನೂ ಮನಸ್ಸನ್ನೂ ಕೆಡಿಸುವುದು ವೈದ್ಯಕೀಯವಾಗಿ ಕಂಡುಬಂದ ಸತ್ಯ. ಕಳೆದ ವರ್ಷ ಅಣ್ಣನ ಮಗಳ ಸೀಮಂತದಲ್ಲಿ ವೈನಿ ಕಂಬದ ಹಿಂದೆ ನಿಂತಿದ್ದರು. ಅವ್ವ ಕೋಲೂರಿಕೊಂಡು ಎದ್ದುಹೋಗಿ ಕೈಹಿಡಿದು ಕರೆತಂದಳು. ‘ಹಡದಾಕಿ ನೀ. ಮದಲ ಉಡಿ ನೀನ ತುಂಬು’ ಎಂದಳು. ಯಾರೂ ಎದುರು ಮಾತಾಡಲಿಲ್ಲ. ಎದುರು ಮಾತಾಡಬಹುದಾಗಿದ್ದವರೆಲ್ಲ ಅವಳಿಗಿಂತ ಕಿರಿಯರು.

ಆಸ್ತಿಯ ವಿಚಾರವೂ ಆರೋಗ್ಯದ ವಿಚಾರವೇ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ತನ್ನ ಅನ್ವಯದ ವಾಕ್ಯದಲ್ಲಿಯೇ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿದೆ. ಅದರಂತೆ ಉಯಿಲು ಬರೆಯದೆ ತೀರಿಕೊಂಡ ಪುರುಷನ ಸ್ವಂತ ಆಸ್ತಿಯಲ್ಲಿ ಪತ್ನಿಗೆ, ಪ್ರತಿಯೊಬ್ಬ ಮಗನಿಗೆ, ಮಗಳಿಗೆ ಮತ್ತು ಬದುಕಿರುವ ತಾಯಿಗೆ ಸಮಪಾಲು. ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅದಕ್ಕೆ ತಿಳಿದವರ ಸಲಹೆ ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಮಹಿಳೆಯರಿಗೆ ಅವರ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಮೊದಲ ವರ್ಷದಲ್ಲಿ ನಿದ್ದೆಯಿಲ್ಲದ, ನೆನಪು ನಿಲ್ಲದ ಮನಸ್ಸಿನಿಂದ ಹಕ್ಕು ಬಿಟ್ಟುಕೊಡುವ ಪತ್ರಕ್ಕಾಗಲಿ, ಹೊಲ-ಮನೆ ಮಾರುವ ಕಾಗದಕ್ಕಾಗಲಿ ಸಹಿ ಹಾಕದಿರುವುದು ಕ್ಷೇಮ. ಸಹಿ ಹಾಕಿಸಿಕೊಳ್ಳಲು ಅವಸರ ಮಾಡುವವರು ನಮ್ಮವರೇ ಆಗಿದ್ದರೂ ಕಾಯಲಿ.

ಮಗುವನ್ನು ಕಳೆದುಕೊಂಡ ತಾಯಂದಿರ ಬಗ್ಗೆ ಒಂದು ಮಾತು. ಅವರೆದುರು ಬೆಳವಣಿಗೆಯ ಮಾತನ್ನು ಎತ್ತಲೇಬೇಡಿರಿ. ಎಂದಾದರೊಮ್ಮೆ ಅವರಾಗಿಯೇ ಹೇಳಿದರೆ ಕೇಳಿರಿ. ಮಗುವಿನ ಹೆಸರು, ಅದರ ಹಟ, ಅದು ಇಷ್ಟಪಡುತ್ತಿದ್ದ ತಿಂಡಿ, ಇವನ್ನು ನೆನೆಯಲು ಜೊತೆಗೊಬ್ಬರು ಬೇಕೆಂಬುದೇ ಬಹುತೇಕ ತಾಯಂದಿರ ಬಯಕೆ.

ವೈದ್ಯರ ನೆರವು ಯಾವಾಗ

ಬಹುಪಾಲು ಜನರ ದುಃಖಕ್ಕೆ ಔಷಧಿ ಬೇಕಿಲ್ಲ. ಆದರೆ ಕೆಲವರಲ್ಲಿ ಮೊದಲ ದಿನಗಳ ತೀವ್ರತೆ ತಿಂಗಳುಗಟ್ಟಲೆ ಒಂದಿಷ್ಟೂ ಸಡಿಲವಾಗುವುದಿಲ್ಲ. ಸಾವು ನಡೆದುದನ್ನೇ ನಂಬಲಾಗದಿರುವುದು, ದಿನದ ಕೆಲಸ ಸಾಗದಿರುವುದು, ಎಲ್ಲರಿಂದ ದೂರವಾಗುವುದು, ಬದುಕೇ ಬರಿದಾಗಿದೆ ಎನಿಸುವುದು ಬಿಡದೆ ಮುಂದುವರಿದರೆ ಅದನ್ನು ‘ದೀರ್ಘಕಾಲಿಕ ದುಃಖದ ತೊಂದರೆ’ ಎಂದು ವೈದ್ಯಶಾಸ್ತ್ರ ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಇದಕ್ಕೆ ಕನಿಷ್ಠ ಆರು ತಿಂಗಳ ಗಡುವನ್ನು, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಒಂದು ವರ್ಷದ ಗಡುವನ್ನು ಹೇಳುತ್ತದೆ. ಇದಕ್ಕೆ ಮಾತಿನ ಮೂಲಕ ನಡೆಯುವ ಚಿಕಿತ್ಸೆಯಿದೆ, ಗುಣವೂ ಕಾಣುತ್ತದೆ. ‘ನಾನೂ ಹೋಗಿಬಿಟ್ಟರೆ ಚೆನ್ನಾಗಿತ್ತು’ ಎಂಬ ಮಾತು ಬಾಯಿಂದ ಬಂದರಂತೂ ಯಾವ ಗಡುವನ್ನೂ ಕಾಯಬಾರದು. ಒಂಟಿಯಾಗಿ ಬಿಡದೆ ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ನಡೆಯುವ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರವಾಗಿದೆ. ನಿದ್ದೆಯ ಗುಳಿಗೆಯನ್ನು ಅಂಗಡಿಯಿಂದ ನೇರವಾಗಿ ತಂದು ತಿಂಗಳುಗಟ್ಟಲೆ ನುಂಗುವ ರೂಢಿ ಬೇಡ. ಅದು ಚಟವಾಗುತ್ತದೆ, ವಯಸ್ಸಾದಂತೆ ಬಿದ್ದು ಮೂಳೆ ಮುರಿದುಕೊಳ್ಳಲೂ ಕಾರಣವಾಗುತ್ತದೆ.

ಊಟದ ವಿಷಯದಲ್ಲಿ ನಿಯಮ ದೊಡ್ಡದೇನಿಲ್ಲ. ಒಬ್ಬರಿಗಾಗಿ ಒಲೆ ಹಚ್ಚಲು ಮನಸ್ಸು ಬಾರದಿರುವುದು ಸಹಜ. ಎದುರು ಮನೆಯವರೊಡನೆ ಸೇರಿ ಒಂದು ಹೊತ್ತಾದರೂ ಉಣ್ಣುವ ವ್ಯವಸ್ಥೆ ಮಾಡಿಕೊಂಡರೆ ಅರ್ಧ ಚಿಕಿತ್ಸೆಯಾದಂತೆ. ರೊಟ್ಟಿಯ ಜೊತೆ ಕಾಳಿನ ಪಲ್ಯ, ಸೊಪ್ಪು, ಮೊಸರು ಇರಲಿ. ಮೊದಲ ವರ್ಷ ಹೆಚ್ಚಿನ ಉಪವಾಸ ಬೇಡ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆದರೆ ರಾತ್ರಿಯ ನಿದ್ದೆಗೂ ಮೂಳೆಗೂ ಒಳಿತು. ಲಿಂಗಪೂಜೆಯ ಹೊತ್ತನ್ನು ಮೊದಲಿನಂತೆಯೇ ಉಳಿಸಿಕೊಂಡವರಿಗೆ ದಿನಕ್ಕೊಂದು ಆರಂಭ ಸಿಗುವುದನ್ನು ಕಂಡಿದ್ದೇನೆ. ಕೆಲವರಿಗೆ ತಿಂಗಳುಗಟ್ಟಲೆ ಪೂಜೆಗೆ ಕೂರಲಾಗುವುದಿಲ್ಲ, ದೇವರ ಮೇಲೆಯೇ ಸಿಟ್ಟಿರುತ್ತದೆ. ಅವರನ್ನು ಗದರಿಸಬೇಡಿರಿ. ಆ ಸಿಟ್ಟೂ ದುಃಖದ ಒಂದು ಭಾಗ.

ಸಂತೈಸಲು ಹೋಗುವವರಿಗೆ ಕೊನೆಯದಾಗಿ ಒಂದು ಸೂಚನೆ. ಹನ್ನೊಂದನೆಯ ದಿನಕ್ಕೆ ಹೋಗಲಾಗದಿದ್ದರೆ ಸಂಕೋಚಪಡದೆ ನಾಲ್ಕನೆಯ ತಿಂಗಳಲ್ಲಿ ಹೋಗಿರಿ. ದೀಪ ಹಚ್ಚುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಆ ಗಳಿಗೆಯೇ ಎಲ್ಲಕ್ಕಿಂತ ಕಷ್ಟವೆಂದು ಅನೇಕ ತಾಯಂದಿರು ನನ್ನೊಡನೆ ಹೇಳಿಕೊಂಡಿದ್ದಾರೆ. ‘ಏನಾದರೂ ಬೇಕಾದರೆ ಹೇಳಿರಿ’ ಎನ್ನಬೇಡಿರಿ, ಅವರು ಹೇಳುವುದಿಲ್ಲ. ‘ಗುರುವಾರ ಬ್ಯಾಂಕಿಗೆ ಹೋಗುವವಳಿದ್ದೇನೆ, ಜೊತೆಗೆ ಬರುತ್ತೀರಾ?’ ಎಂದು ಕೇಳಿರಿ. ತೀರಿಕೊಂಡವರ ಹೆಸರು ಹಿಡಿದು ನಿಮಗೆ ನೆನಪಿರುವ ಒಂದು ಸಂಗತಿ ಹೇಳಿ, ಆಮೇಲೆ ಸುಮ್ಮನೆ ಕುಳಿತಿರಿ. ಅವರು ಅತ್ತರೆ ಅಳಲಿ. ಊಟವಾದ ಮೇಲೆ ಗುಳಿಗೆ ತೆಗೆದುಕೊಂಡರೇ ಎಂದು ಕೇಳಲು ಮರೆಯಬೇಡಿರಿ.